ಊರ ನಡುವೆಯೇ ಡೇರೆ ಹಾಕಿದ್ದು ಯಾಕೆ?

ಪ್ರಶ್ನೆ: ನಾನು ಹಾಸನದವನು. ಬರ್ಲಿನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಕ್ರಾಯ್ಟ್ಸ್‌ಬರ್ಗ್‌ನ ಒರಾನಿಯನ್‌ಪ್ಲಾಟ್ಸ್ ಚೌಕದಲ್ಲಿ ದಿನಾ ಬಸ್ ಹತ್ತುತ್ತೇನೆ. 2012ರಿಂದ 2014ರವರೆಗೆ ನಿರಾಶ್ರಿತರು ಅಲ್ಲಿ ಟೆಂಟ್ ಹಾಕಿಕೊಂಡು ಕೂತಿದ್ದರಂತೆ, ರೂಮ್‌ಮೇಟ್ ಹೇಳಿದ. ನಾನು ವೀಸಾಗೆ ತಿಂಗಳುಗಟ್ಟಲೆ ಕಾದು, ಖರ್ಚಿಗೆ ದುಡ್ಡಿದೆ ಎಂದು ತೋರಿಸಲು ಬ್ಲಾಕ್ಡ್ ಅಕೌಂಟ್‌ನಲ್ಲಿ ದುಡ್ಡಿಟ್ಟು ಬಂದವನು. ಕಾಗದಪತ್ರ ಇಲ್ಲದೆ ಬಂದವರು ಊರ ನಡುವೆ ಟೆಂಟ್ ಹಾಕಿ ಹಕ್ಕು ಕೇಳುವುದು ಸರಿಯಾ? ಅದರಿಂದ ಏನಾದರೂ ಸಿಕ್ಕಿತಾ? ಓಡಾಟದ ಸ್ವಾತಂತ್ರ್ಯ ಅಂದರೆ ಗಡಿಯೇ ಬೇಡ ಅಂತಾನಾ? ಇಂಥ ಶಿಬಿರ ಮತ್ತೆ ನಡೆದರೆ ನಾನು ಹೋಗಿ ನೋಡಬಹುದಾ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಕ್ಯೂನಲ್ಲಿ ನಿಂತವರಿಗೆ, ಪಕ್ಕದಿಂದ ನುಗ್ಗಿದವರನ್ನು ಕಂಡರೆ ಕೋಪ ಬರುವುದು ಸಹಜ. ಆದರೆ ಇಲ್ಲೊಂದು ವಿಷಯ ನಮ್ಮಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ. ಆಶ್ರಯ ಕೇಳುವವರಿಗೆ ಅಂಥ ಕ್ಯೂ ಇಲ್ಲವೇ ಇಲ್ಲ.

ಓದಲು ವೀಸಾ ಇದೆ. ಕೆಲಸಕ್ಕೆ ಇದೆ. ಸುಮ್ನೆ ಊರು ನೋಡಿ ಬರಲೂ ಇದೆ. 'ನನ್ನ ದೇಶದಲ್ಲಿ ನನ್ನ ಜೀವಕ್ಕೆ ಅಪಾಯ, ಆಶ್ರಯ ಕೊಡಿ' ಎಂದು ರಾಯಭಾರ ಕಚೇರಿಗೆ ಹೋಗಿ ಅರ್ಜಿ ಹಾಕುವ ದಾರಿ ಸಾಮಾನ್ಯ ಮನುಷ್ಯನಿಗೆ ಇಲ್ಲ. ಮೊದಲು ಆ ನೆಲದ ಮೇಲೆ ಕಾಲಿಡಬೇಕು, ಆಮೇಲೆ ಕೇಳಬೇಕು. ವೀಸಾ ಇಲ್ಲದವರನ್ನು ಹತ್ತಿಸಿಕೊಂಡರೆ ವಿಮಾನ ಕಂಪನಿಗೆ ದಂಡ ಬೀಳುತ್ತದೆ. ಹಾಗಾಗಿ ವಿಮಾನದಲ್ಲಿ ಬರಬಹುದಾದವರು ದೋಣಿಯಲ್ಲಿ ಬರುತ್ತಾರೆ. ಈ ತೊಡಕು 1951ರ ನಿರಾಶ್ರಿತರ ಒಪ್ಪಂದ ಬರೆದವರಿಗೂ ಗೊತ್ತಿತ್ತು. ಅಪಾಯದಿಂದ ನೇರವಾಗಿ ಓಡಿ ಬಂದವರು ತಡಮಾಡದೆ ಅಧಿಕಾರಿಗಳ ಮುಂದೆ ನಿಂತು ಕಾರಣ ಹೇಳಿದರೆ, ಕಾಗದ ಇಲ್ಲದೆ ಗಡಿ ದಾಟಿದ್ದಕ್ಕೆ ಶಿಕ್ಷೆ ಕೊಡಬಾರದು ಎಂದು ಅದರ 31ನೇ ವಿಧಿ ಹೇಳುತ್ತದೆ. ಜರ್ಮನಿ ಆ ಒಪ್ಪಂದಕ್ಕೆ ಸೇರಿದೆ. ಭಾರತ ಸೇರಿಲ್ಲ.

ಇನ್ನೊಂದು ಮಾತು. ಒರಾನಿಯನ್‌ಪ್ಲಾಟ್ಸ್ ಚಳವಳಿ ಶುರು ಮಾಡಿದವರು ಕಾಗದ ಇಲ್ಲದವರಲ್ಲ. ಅರ್ಜಿ ಹಾಕಿದ್ದರು. ಕೈಯಲ್ಲಿ ಸರ್ಕಾರ ಕೊಟ್ಟ ಗುರುತಿನ ಕಾಗದ ಇತ್ತು. ಅವರನ್ನು ಕಟ್ಟಿಹಾಕಿದ್ದೇ ಆ ಕಾಗದ.

ಕಥೆ ಶುರುವಾಗುವುದು ಬರ್ಲಿನ್‌ನಲ್ಲಿ ಅಲ್ಲ, ಬವೇರಿಯಾದ ವ್ಯೂರ್ಟ್ಸ್‌ಬುರ್ಗ್‌ನಲ್ಲಿ. ಅಲ್ಲಿ ಒಂದು ಹಳೆಯ ಮಿಲಿಟರಿ ಬ್ಯಾರಕ್ಕನ್ನು ಆಶ್ರಯ ಕೋರಿ ಬಂದವರ ವಸತಿ ಮಾಡಿದ್ದರು. 2012ರ ಜನವರಿ ಕೊನೆಯ ವಾರ ಅಲ್ಲಿದ್ದ ಇರಾನಿನ ಒಬ್ಬ ಯುವಕ ಆತ್ಮಹತ್ಯೆ ಮಾಡಿಕೊಂಡ. ಅವನ ಜೊತೆಗಿದ್ದವರಿಗೆ ಅದು ತಡೆದುಕೊಳ್ಳಲಾಗದ ಪೆಟ್ಟು. ಮಾರ್ಚ್‌ನಲ್ಲಿ ಕೆಲವು ಇರಾನಿಯರು ಊರ ನಡುವೆ ಟೆಂಟ್ ಹಾಕಿ ಉಪವಾಸ ಕೂತರು. ಕೆಲವರು ತುಟಿಗಳನ್ನು ಸೂಜಿದಾರದಿಂದ ಹೊಲಿದುಕೊಂಡರು.

ಅಷ್ಟು ಆಕ್ರೋಶ ಯಾಕೆ ಅಂತ ಕೇಳಬಹುದು. ಅವರ ದಿನ ಹೇಗಿತ್ತು ನೋಡಿ. ಆಗ ಬವೇರಿಯಾದಲ್ಲಿ ಆಶ್ರಯ ಕೋರಿದವರಿಗೆ ಊಟಕ್ಕೆ ದುಡ್ಡು ಕೊಡುತ್ತಿರಲಿಲ್ಲ, ಡಬ್ಬಿ ಕೊಡುತ್ತಿದ್ದರು. ವಾರಕ್ಕೆರಡು ಸಲ, ಪಟ್ಟಿಯಲ್ಲಿ ಗುರುತು ಹಾಕಿದ ಸಾಮಾನು ತುಂಬಿದ ಡಬ್ಬಿ. ನಿಮಗೆ ಬೇಕಾದ ಅಕ್ಕಿ, ಬೇಕಾದ ಮೆಣಸಿನಪುಡಿ ಕೊಳ್ಳುವಂತಿಲ್ಲ. ಮೊದಲ ವರ್ಷ ಕೆಲಸ ಮಾಡುವಂತಿಲ್ಲ, ಆಮೇಲೂ ಅನುಮತಿ ಸಿಗುವುದು ಕಷ್ಟ. ಜರ್ಮನ್ ಕ್ಲಾಸ್ ಇಲ್ಲ. ಅರ್ಜಿ ಏನಾಯಿತು ಎಂದು ಹೇಳುವವರಿಲ್ಲ. ಹೀಗೆ ಒಂದು ವರ್ಷ, ಎರಡು ವರ್ಷ, ಕೆಲವರಿಗೆ ಅದಕ್ಕೂ ಜಾಸ್ತಿ. ಒಂದೇ ಕೋಣೆಯಲ್ಲಿ ಭಾಷೆ ಬಾರದ ನಾಲ್ಕು ಜನ.

ಇದರ ಮೇಲೆ ರೆಸಿಡೆನ್ಸ್‌ಫ್ಲಿಖ್ಟ್. 1982ರಲ್ಲಿ ಬಂದ ಕಾನೂನು. ಆಶ್ರಯ ಕೋರಿದವರು ತಮಗೆ ಗೊತ್ತುಮಾಡಿದ ಪ್ರದೇಶದಿಂದ ಹೊರಗೆ ಹೋಗುವಂತಿಲ್ಲ. ಎಷ್ಟೋ ಕಡೆ ಆ ಪ್ರದೇಶ ಅಂದರೆ ಒಂದು ಜಿಲ್ಲೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ನಿಮ್ಮನ್ನು ಹಾಸನ ಜಿಲ್ಲೆಯಲ್ಲಿ ಇಟ್ಟಿದ್ದಾರೆ, ಅಣ್ಣ ಚಿಕ್ಕಮಗಳೂರಿನಲ್ಲಿದ್ದಾನೆ, ನೋಡಿಬರಬೇಕಾದರೆ ಕಚೇರಿಗೆ ಹೋಗಿ ಯಾಕೆ, ಎಷ್ಟು ದಿನ, ಯಾರ ಮನೆ ಎಂದು ಹೇಳಿ ಚೀಟಿ ತರಬೇಕು. ಕೆಲವು ಕಡೆ ಆ ಚೀಟಿಗೂ ದುಡ್ಡು ಕೇಳುತ್ತಿದ್ದರು. ಚೀಟಿ ಇಲ್ಲದೆ ರೈಲಿನಲ್ಲಿ ಸಿಕ್ಕಿಬಿದ್ದರೆ ದಂಡ. ಮತ್ತೆ ಮತ್ತೆ ಸಿಕ್ಕಿಬಿದ್ದರೆ ಜೈಲೂ ಆಗಬಹುದಿತ್ತು. ರೈಲಿನಲ್ಲಿ ಪೊಲೀಸರು ಯಾರ ಹತ್ತಿರ ಕಾಗದ ಕೇಳುತ್ತಾರೆ? ಮೈಬಣ್ಣ ಬೇರೆ ಇರುವವರ ಹತ್ತಿರ. ನಿಮಗೂ ಇದರ ಅನುಭವ ಆಗಿರಬಹುದು.

ಈಗ ನಿಮ್ಮ ಕೈಯಲ್ಲಿರುವ ರೆಸಿಡೆನ್ಸ್ ಪರ್ಮಿಟ್ ನೆನಪಿಸಿಕೊಳ್ಳಿ. ಅದೂ ಪಾಸ್‌ಪೋರ್ಟೂ ಇದ್ದರೆ ಶುಕ್ರವಾರ ಸಂಜೆ ಬಸ್ ಹತ್ತಿ ಪ್ಯಾರಿಸ್‌ಗೆ ಹೋಗಿ ಬರಬಹುದು. ಯಾರನ್ನೂ ಕೇಳಬೇಕಿಲ್ಲ. ಅದೇ ದೇಶದಲ್ಲಿ ಅವರು ಪಕ್ಕದ ಜಿಲ್ಲೆಗೆ ಹೋಗುವಂತಿರಲಿಲ್ಲ. ಆ ಚಳವಳಿಯವರು ಓಡಾಟದ ಸ್ವಾತಂತ್ರ್ಯ ಎಂದಾಗ ಮೊದಲು ಕೇಳಿದ್ದು ಇಷ್ಟೇ: ಪಕ್ಕದ ಊರಿಗೆ ಹೋಗಲು ಬಿಡಿ.

ಅದಕ್ಕೇ ಅವರು ನಡೆದರು. 2012ರ ಸೆಪ್ಟೆಂಬರ್ 8ರಂದು ವ್ಯೂರ್ಟ್ಸ್‌ಬುರ್ಗ್‌ನಿಂದ ಹೊರಟರು. ಬರ್ಲಿನ್‌ಗೆ ಸುಮಾರು 600 ಕಿಲೋಮೀಟರ್. ಇನ್ನೊಂದು ಗುಂಪು ಬಸ್ಸಿನಲ್ಲಿ ಪಶ್ಚಿಮದ ಊರುಗಳನ್ನು ಸುತ್ತಿ, ಅಲ್ಲಲ್ಲಿನ ವಸತಿಗಳಲ್ಲಿ ಇದ್ದವರನ್ನು ಮಾತಾಡಿಸುತ್ತಾ ಬಂತು. ಅವರು ಇಟ್ಟ ಒಂದೊಂದು ಹೆಜ್ಜೆಯೂ ಕಾನೂನು ಮುರಿದ ಹೆಜ್ಜೆ. ಬವೇರಿಯಾ ಮುಗಿದು ಥುರಿಂಗಿಯಾ ಶುರುವಾಗುವ ಗಡಿಯಲ್ಲಿ ನಿಂತು, ಊರು ಬಿಡಬಾರದು ಎಂದು ಬರೆದಿದ್ದ ತಮ್ಮ ಕಾಗದಗಳನ್ನು ಎಲ್ಲರೆದುರು ಹರಿದರು. ಘೋಷಣೆ ಕೂಗಿ ಮನೆಗೆ ಹೋಗುವ ಮೆರವಣಿಗೆ ಅಲ್ಲ ಇದು. ಬೇಡ ಅಂದದ್ದನ್ನೇ ಹಗಲು ಹೊತ್ತಿನಲ್ಲಿ, ರಸ್ತೆಯ ಮೇಲೆ ಮಾಡಿ ತೋರಿಸಿದರು. ಉಪ್ಪಿನ ಕಾಯಿದೆ ಮುರಿಯಲು ಕಡಲತೀರಕ್ಕೆ ನಡೆದವರ ದೇಶದಿಂದ ಬಂದ ನಮಗೆ ಇದು ಬೇಗ ಅರ್ಥವಾಗಬೇಕು ಅಲ್ವಾ.

ಅಕ್ಟೋಬರ್ ಮೊದಲ ವಾರ ಬರ್ಲಿನ್ ಮುಟ್ಟಿದರು. ಒರಾನಿಯನ್‌ಪ್ಲಾಟ್ಸ್‌ನಲ್ಲಿ ಡೇರೆ ಎದ್ದಿತು. ಅಕ್ಟೋಬರ್ 13ರ ಮೆರವಣಿಗೆಯಲ್ಲಿ ಸುಮಾರು 6000 ಜನ ಸೇರಿದರು. ತಿಂಗಳ ಕೊನೆಗೆ ಕೆಲವರು ಬ್ರಾಂಡೆನ್‌ಬುರ್ಗ್ ಗೇಟ್ ಮುಂದೆ ಹೋಗಿ ಉಪವಾಸ ಕೂತರು. ಆ ರಾತ್ರಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿ ಧರಣಿ ಕೂರಬಹುದು, ಅದು ಹಕ್ಕು. ಆದರೆ ಮಲಗುವಂತಿಲ್ಲ, ಮಲಗಿದರೆ ಅದು ಬಿಡಾರ ಹೂಡಿದಂತೆ. ಹೀಗೆಂದು ಪೊಲೀಸರು ಟೆಂಟ್ ತೆಗೆದುಕೊಂಡು ಹೋದರು. ಆಮೇಲೆ ಮಲಗುವ ಚೀಲ. ಆಮೇಲೆ ಕೂರಲು ಹಾಸಿದ್ದ ಮ್ಯಾಟ್ ಕೂಡ. ಅಕ್ಟೋಬರ್ ಕೊನೆಯ ಬರ್ಲಿನ್ ಚಳಿ ನಿಮಗೆ ಗೊತ್ತು. ಊಟ ಬಿಟ್ಟವರು ಬರೀ ಕಲ್ಲಿನ ಮೇಲೆ ಕೂತಿದ್ದರು. ಊರವರು ಬಿಸಿನೀರಿನ ಬಾಟಲಿ, ಕಂಬಳಿ ತಂದುಕೊಟ್ಟರು. ಆ ಕಂಬಳಿಗಳಿಗೂ ಪೊಲೀಸರ ಜೊತೆ ವಾದ ಮಾಡಬೇಕಾಯಿತು.

ಒರಾನಿಯನ್‌ಪ್ಲಾಟ್ಸ್ ಮಾತ್ರ ಯಾಕೆ ಒಂದೂವರೆ ವರ್ಷ ಉಳಿಯಿತು? ಬ್ರಾಂಡೆನ್‌ಬುರ್ಗ್ ಗೇಟ್‌ನಲ್ಲಿ ಪೊಲೀಸರ ಮಾತು ನಡೆಯಿತು. ಈ ಚೌಕ ಕ್ರಾಯ್ಟ್ಸ್‌ಬರ್ಗ್ ಪುರಸಭೆಯ ಕೈಯಲ್ಲಿತ್ತು. ಅಲ್ಲಿ ಗ್ರೀನ್ ಪಕ್ಷದ ಮೇಯರ್ ಇದ್ದರು, ಮೊದಲು ಫ್ರಾಂಟ್ಸ್ ಶುಲ್ಟ್ಸ್, 2013ರಿಂದ ಮೋನಿಕಾ ಹೆರ್‌ಮನ್. ಅವರು ಡೇರೆಗಳನ್ನು ಇರಲು ಬಿಟ್ಟರು. ಸುತ್ತಲಿನ ಬೀದಿಗಳಲ್ಲಿ ದುಡಿಯಲು ಬಂದು ನೆಲೆನಿಂತ ಟರ್ಕಿಯವರ ಎರಡು ಮೂರು ತಲೆಮಾರು ಇದ್ದಾರೆ. ಮನೆ ಖಾಲಿ ಮಾಡಿಸುವುದರ ವಿರುದ್ಧ ಹೋರಾಡಿ ಅಭ್ಯಾಸವಿದ್ದ ಜನ ಇದ್ದಾರೆ. ಚಳಿಗೆ ಸ್ಟವ್ ಕೊಟ್ಟವರು, ಅಡುಗೆ ಪಾತ್ರೆ ತಂದವರು, ಸ್ನಾನಕ್ಕೆ ತಮ್ಮ ಮನೆಯ ಬಾಗಿಲು ತೆಗೆದವರು ಆ ಬೀದಿಗಳವರೇ.

ಈ ಜಾಗದ ವಿಷಯ ಸಣ್ಣದು ಅಂದುಕೊಳ್ಳಬೇಡಿ. ನನ್ನ ಮಟ್ಟಿಗೆ ಇಡೀ ಚಳವಳಿಯ ತಿರುಳು ಅದೇ. ಆಶ್ರಯ ಕೋರಿದವರ ಎಷ್ಟೋ ವಸತಿಗಳು ಊರಿನ ಆಚೆ, ಕಾಡಿನಂಚಿನಲ್ಲಿ, ಬಸ್ ಬಾರದ ಕಡೆ ಇದ್ದವು. ಅಲ್ಲಿದ್ದವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾವು ಇಲ್ಲಿದ್ದೇವೆ ಎಂದು ತೋರಿಸುವುದೇ ಅವರ ಮೊದಲ ಬೇಡಿಕೆ. ಊರ ನಡುವೆ ಡೇರೆ ಹಾಕಿದ ದಿನವೇ ಅದರ ಒಂದು ಪಾಲನ್ನು ಅವರೇ ತೆಗೆದುಕೊಂಡರು. ಬೆಂಗಳೂರಿನಲ್ಲಿ ಈಗ ಧರಣಿ ಅಂದರೆ ಫ್ರೀಡಂ ಪಾರ್ಕ್ ಮಾತ್ರ, ಬೇರೆಲ್ಲೂ ಕೂರುವಂತಿಲ್ಲ. ಆ ಗೋಡೆಯ ಒಳಗೆ ಕೂಗಿದ್ದು ಎಷ್ಟು ಜನಕ್ಕೆ ಕೇಳಿಸುತ್ತದೆ ಎಂದು ಅಲ್ಲಿ ಕೂತ ಅಂಗನವಾಡಿ ಅಕ್ಕಂದಿರನ್ನು ಕೇಳಿ ನೋಡಿ, ಹೇಳುತ್ತಾರೆ.

ಡೇರೆಯ ಬದುಕು ಸುಲಭವಾಗಿರಲಿಲ್ಲ. ಒಂದು ಸಭೆ ನಡೆಯಬೇಕಾದರೆ ಪ್ರತಿ ಮಾತನ್ನೂ ಅರಬಿ, ಫ್ರೆಂಚ್, ಫಾರ್ಸಿ, ಇಂಗ್ಲಿಷ್, ಜರ್ಮನ್‌ಗೆ ತಿರುಗಿಸಬೇಕು. ಹತ್ತು ನಿಮಿಷದ ವಿಷಯಕ್ಕೆ ಒಂದು ಗಂಟೆ. ಮಳೆ ಬಂದರೆ ಕೆಸರು. ಚಳಿಗಾಲ ಎರಡು ಕಳೆದವು. ಹೆಗ್ಗಣಗಳ ಕಾಟ. ಹೊರಗಿನಿಂದ ದ್ವೇಷದ ದಾಳಿ, ಒಳಗೆ ಜಗಳ. ಜೊತೆಗೆ ನಿಂತ ಜರ್ಮನ್ ಬೆಂಬಲಿಗರು ಮಾತಿನಲ್ಲಿ ಮುಂದೆ ಬಂದುಬಿಡುತ್ತಿದ್ದರು, ನಿರ್ಧಾರ ನಮ್ಮದಾಗಿರಬೇಕು ಎಂದು ನಿರಾಶ್ರಿತರು ಪದೇ ಪದೇ ಹೇಳಬೇಕಾಗುತ್ತಿತ್ತು. 2012ರ ಡಿಸೆಂಬರ್‌ನಲ್ಲಿ ಪಕ್ಕದ ಓಲಾವರ್ ಬೀದಿಯ ಖಾಲಿ ಶಾಲೆಯೊಂದಕ್ಕೆ ಒಂದಷ್ಟು ಜನ ಹೋಗಿ ಸೇರಿಕೊಂಡರು. ಅಲ್ಲಿ ಹೆಂಗಸರು ಒಂದು ಮಹಡಿಯನ್ನು ತಮಗೇ ಬೇಕು ಎಂದು ಇಟ್ಟುಕೊಂಡರು. ಇಂಟರ್‌ನ್ಯಾಷನಲ್ ವಿಮೆನ್ಸ್ ಸ್ಪೇಸ್ ಎಂಬ ಗುಂಪು ಹುಟ್ಟಿದ್ದು ಅಲ್ಲಿಂದ. ಡೇರೆಯ ಹೋರಾಟದಲ್ಲೂ ಹೆಂಗಸರಿಗೆ ಜಾಗ ಸುಮ್ನೆ ಸಿಗಲಿಲ್ಲ, ಅವರೇ ಮಾಡಿಕೊಳ್ಳಬೇಕಾಯಿತು.

2013ರಲ್ಲಿ ಇನ್ನೊಂದು ಗುಂಪು ಬಂದು ಸೇರಿತು. ಆಫ್ರಿಕಾದ ಬೇರೆ ಬೇರೆ ದೇಶಗಳಿಂದ ಲಿಬಿಯಾಕ್ಕೆ ದುಡಿಯಲು ಹೋಗಿದ್ದವರು. ಗಾರೆ ಕೆಲಸ, ವೆಲ್ಡಿಂಗ್, ಡ್ರೈವಿಂಗ್. 2011ರ ಯುದ್ಧದಲ್ಲಿ ಅಲ್ಲಿಂದ ದೋಣಿ ಹತ್ತಿ ಇಟಲಿಯ ಲಂಪೆಡೂಸಾ ದ್ವೀಪಕ್ಕೆ ಬಂದರು. ಇಟಲಿ ಅವರಿಗೆ ಇರಲು ಕಾಗದ ಕೊಟ್ಟಿತು, ಆಮೇಲೆ ಶಿಬಿರ ಮುಚ್ಚಿ ಬೀದಿಗೆ ಬಿಟ್ಟಿತು. ಕೆಲಸ ಹುಡುಕಿಕೊಂಡು ಉತ್ತರಕ್ಕೆ ಬಂದರೆ ಜರ್ಮನಿ, ನಿಮ್ಮ ಜವಾಬ್ದಾರಿ ಇಟಲಿಯದ್ದು, ವಾಪಸ್ ಹೋಗಿ ಎಂದಿತು. ಯುರೋಪಿನ ಡಬ್ಲಿನ್ ನಿಯಮ ಇದ್ದದ್ದೇ ಹಾಗೆ, ಸಾಮಾನ್ಯವಾಗಿ ಮೊದಲು ಕಾಲಿಟ್ಟ ದೇಶವೇ ನೋಡಿಕೊಳ್ಳಬೇಕಿತ್ತು. ಒಂದು ಊರಲ್ಲಿ ಕಾಗದ ಇದೆ, ಕೆಲಸ ಇಲ್ಲ. ಇನ್ನೊಂದು ಊರಲ್ಲಿ ಕೆಲಸ ಇದೆ, ಕಾಗದ ನಡೆಯುವುದಿಲ್ಲ. ಹ್ಯಾಂಬರ್ಗ್‌ನಲ್ಲೂ ಇವರದ್ದೇ ಒಂದು ದೊಡ್ಡ ಹೋರಾಟ ನಡೆಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ, ಏನು ಸಿಕ್ಕಿತು? ಇಲ್ಲಿ ನಾನು ಚೆಂದ ಮಾಡಿ ಹೇಳಲಾರೆ. 2014ರ ಮಾರ್ಚ್‌ನಲ್ಲಿ ಬರ್ಲಿನ್ ಸರ್ಕಾರದ ಪರವಾಗಿ ಸಚಿವೆ ದಿಲೆಕ್ ಕೋಲಾಟ್ ಒಂದು ಒಪ್ಪಂದ ಮಾಡಿಕೊಂಡರು. ಡೇರೆ ತೆಗೆಯಿರಿ, ಇರಲು ಜಾಗ ಕೊಡುತ್ತೇವೆ, ಒಬ್ಬೊಬ್ಬರ ಅರ್ಜಿಯನ್ನೂ ಬೇರೆಯಾಗಿ ಪರಿಶೀಲಿಸುತ್ತೇವೆ ಎಂದು. ಕೆಲವರು ಒಪ್ಪಿದರು, ಕೆಲವರು ನಂಬಲಿಲ್ಲ. ಏಪ್ರಿಲ್ 8ರ ಬೆಳಿಗ್ಗೆ ಒಪ್ಪಿದವರೇ ಡೇರೆ ಕಳಚಲು ಶುರು ಮಾಡಿದರು, ಒಪ್ಪದವರು ಅಡ್ಡ ಬಂದರು. ಒಂದೂವರೆ ವರ್ಷ ಒಂದೇ ಪಾತ್ರೆಯಲ್ಲಿ ಉಂಡವರು ಅಂದು ಪರಸ್ಪರ ಕೈಮಾಡಿದರು. ಸುಡಾನಿನ ನಪುಲಿ ಲಂಗಾ ಎಂಬ ಹೋರಾಟಗಾರ್ತಿ ಚೌಕದ ಒಂದು ಮರ ಹತ್ತಿ ಕೂತವರು ದಿನಗಟ್ಟಲೆ ಇಳಿಯಲಿಲ್ಲ. ಕೆಳಗೆ ಪೊಲೀಸರ ಕಾವಲು.

ನಂಬದವರ ಅನುಮಾನ ನಿಜವಾಯಿತು. ಒಪ್ಪಂದಕ್ಕೆ ಒಳಾಡಳಿತ ಖಾತೆಯ ಸಹಿ ಇರಲಿಲ್ಲ, ಹಾಗಾಗಿ ಅದಕ್ಕೆ ಬದ್ಧರಾಗಬೇಕಿಲ್ಲ ಎಂಬ ವಾದ ಬಂತು. ಹೆಚ್ಚಿನವರ ಅರ್ಜಿ ತಿರಸ್ಕಾರವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅವರನ್ನು ವಸತಿಗಳಿಂದ ಹೊರಹಾಕಲು ಶುರು ಮಾಡಿದಾಗ ಕೆಲವರು ಹಾಸ್ಟೆಲ್ಲೊಂದರ ಚಾವಣಿ ಹತ್ತಿ ಕೂತರು. ಶಾಲೆಯಲ್ಲಿದ್ದವರಲ್ಲಿ ಕೊನೆಯವರು ಹೊರಬಂದದ್ದು 2018ರ ಜನವರಿಯಲ್ಲಿ. ಇಡೀ ಕಥೆಯಲ್ಲಿ ನನಗೆ ತುಂಬಾ ನೋವು ಕೊಡುವ ಭಾಗ ಇದೇ. ಬಲವಂತದಿಂದ ಎಬ್ಬಿಸಿದ್ದರೆ ಇಡೀ ಊರು ಅವರ ಜೊತೆ ನಿಲ್ಲುತ್ತಿತ್ತು. ಮಾತು ಕೊಟ್ಟು ಎಬ್ಬಿಸಿದ್ದರಿಂದ ಅವರು ಒಬ್ಬೊಬ್ಬರಾಗಿ ಕರಗಿಹೋದರು.

ಕಾನೂನಿನ ಮಟ್ಟದಲ್ಲಿ ಬದಲಾವಣೆ ಆಯಿತು. 2015ರ ಜನವರಿಯಿಂದ ರೆಸಿಡೆನ್ಸ್‌ಫ್ಲಿಖ್ಟ್ ಸಾಮಾನ್ಯವಾಗಿ ಮೊದಲ ಮೂರು ತಿಂಗಳಿಗೆ ಇಳಿಯಿತು. ಕೆಲಸದ ನಿಷೇಧವೂ ಮೂರು ತಿಂಗಳಿಗೆ ಬಂತು. ಇದಕ್ಕೆ ಒಂದು ಬೆಲೆ ಇತ್ತು: ಸರ್ಬಿಯಾ, ಬೋಸ್ನಿಯಾ, ಮ್ಯಾಸಿಡೋನಿಯಾಗಳನ್ನು ಸುರಕ್ಷಿತ ದೇಶ ಎಂದು ಘೋಷಿಸುವುದಕ್ಕೆ ಬದಲಾಗಿ ಬಂದ ರಾಜಿ ಇದು. ಅಲ್ಲಿಂದ ಬಂದ ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯದ ಕುಟುಂಬಗಳ ಬಾಗಿಲು ಮುಚ್ಚಿ ಉಳಿದವರ ಬಾಗಿಲು ಸ್ವಲ್ಪ ತೆಗೆದರು. ಡೇರೆಗಳಿಂದಲೇ ಇದಾಯಿತು ಎಂದು ನಾನು ಹೇಳುವುದಿಲ್ಲ. ಹೆಚ್ಚು ಜನರಿಗೆ ಗೊತ್ತಿಲ್ಲದಿದ್ದ ಆ ಕಾನೂನಿನ ಹೆಸರು ಟಿವಿಗೆ ಬಂದದ್ದರಲ್ಲಿ ಮಾತ್ರ ಅವರ ನಡಿಗೆಯ ಪಾಲು ದೊಡ್ಡದು. 2015ರ ಅಕ್ಟೋಬರ್‌ನಲ್ಲಿ ಮತ್ತೆ ಬಿಗಿ ಮಾಡಿದರು, ಮೊದಲ ವಸತಿಯಲ್ಲಿ ಆರು ತಿಂಗಳವರೆಗೆ ಇರಿಸಬಹುದು ಎಂದು. 2024ರಿಂದ ಹಲವು ಕಡೆ ನಗದಿನ ಬದಲು ಪೇಮೆಂಟ್ ಕಾರ್ಡ್ ಕೊಡುತ್ತಿದ್ದಾರೆ, ಕೆಲವು ಕಡೆ ಅದು ಇಂತಿಷ್ಟು ಪಿನ್‌ಕೋಡ್ ಆಚೆ ನಡೆಯುವುದೇ ಇಲ್ಲ. ಮನುಷ್ಯನನ್ನು ಬಿಟ್ಟು ಅವನ ದುಡ್ಡನ್ನು ಕಟ್ಟಿಹಾಕುವ ದಾರಿ.

ಗಡಿಯೇ ಬೇಡವಾ ಅಂತ ಕೇಳಿದ್ದೀರಿ. ಹಾಗೆ ಹೇಳುವವರು ಇದ್ದಾರೆ. 1998ರಲ್ಲಿ ಜರ್ಮನಿ-ಪೋಲೆಂಡ್ ಗಡಿಯಲ್ಲಿ ಬೇಸಿಗೆ ಶಿಬಿರ ಶುರುವಾಯಿತು, ಆಮೇಲೆ 'ನೋ ಬಾರ್ಡರ್' ಹೆಸರಿನಲ್ಲಿ ಸ್ಟ್ರಾಸ್‌ಬುರ್ಗ್, ಕ್ಯಾಲೆ, ಗ್ರೀಸಿನ ಲೆಸ್ಬೋಸ್‌ನಲ್ಲಿ ನಡೆದವು. ವಾರ, ಹತ್ತು ದಿನದ ಶಿಬಿರಗಳು. ಹೆಚ್ಚಾಗಿ ಪಾಸ್‌ಪೋರ್ಟ್ ಇರುವವರೇ ಬಂದು ಸೇರುತ್ತಾರೆ. ಲೆಸ್ಬೋಸ್‌ನಲ್ಲಿ 2009ರ ಆಗಸ್ಟ್‌ನಲ್ಲಿ ಇಂಥ ಶಿಬಿರ ನಡೆದಾಗ ಪಗಾನಿ ಎಂಬ ಬಂಧನ ಕೇಂದ್ರದ ಹೊಲಸು ಸ್ಥಿತಿ ಹೊರಜಗತ್ತಿಗೆ ಗೊತ್ತಾಯಿತು, ಆ ವರ್ಷವೇ ಅದು ಮುಚ್ಚಿತು. ಅದು ದೊಡ್ಡ ಕೆಲಸ. ಆದರೂ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಒರಾನಿಯನ್‌ಪ್ಲಾಟ್ಸ್‌ನಂಥದ್ದು, ಕಷ್ಟ ಅನುಭವಿಸುವವರೇ ಹೂಡಿದ ಡೇರೆ. ಅವರು ಹತ್ತನೇ ದಿನ ಗಂಟುಮೂಟೆ ಕಟ್ಟಿ ಮನೆಗೆ ಹೋಗುವಂತಿರಲಿಲ್ಲ.

ಕಾನೂನಿನ ಮಾತು ಹೇಳಬೇಕಾದರೆ, 1948ರ ಮಾನವ ಹಕ್ಕುಗಳ ಘೋಷಣೆಯ 13ನೇ ವಿಧಿ ಎಲ್ಲರಿಗೂ ತಾವಿರುವ ದೇಶದೊಳಗೆ ಓಡಾಡುವ ಹಕ್ಕು, ಯಾವ ದೇಶವನ್ನಾದರೂ ಬಿಟ್ಟು ಹೋಗುವ ಹಕ್ಕು ಕೊಡುತ್ತದೆ. ಇನ್ನೊಂದು ದೇಶದೊಳಗೆ ಬರುವ ಹಕ್ಕು ಅದರಲ್ಲಿಲ್ಲ. ಹೊರಡಬಹುದು, ಒಳಗೆ ಬಿಡುವವರಿಲ್ಲ. ಇನ್ನು ದೇಶಗಳ ಸಂವಿಧಾನ ನೋಡಿ. ಜರ್ಮನಿಯ ಮೂಲ ಕಾನೂನಿನಲ್ಲಿ ಸಭೆ ಸೇರುವ 8ನೇ ವಿಧಿ, ಓಡಾಡುವ 11ನೇ ವಿಧಿ ಎರಡೂ ಶುರುವಾಗುವುದು 'ಎಲ್ಲ ಜರ್ಮನರಿಗೂ' ಎಂದು. ನಮ್ಮ 19ನೇ ವಿಧಿ 'ಎಲ್ಲ ನಾಗರಿಕರಿಗೂ' ಎನ್ನುತ್ತದೆ. ಜರ್ಮನಿಯ ಸಭೆಗಳ ಕಾನೂನು ಮಾತ್ರ 'ಪ್ರತಿಯೊಬ್ಬರಿಗೂ' ಎನ್ನುತ್ತದೆ. ಡೇರೆಯವರು ಆ ಒಂದು ಮಾತು ಹಿಡಿದುಕೊಂಡು ಕೂತಿದ್ದರು.

ನಾಗರಿಕರಾದ ಮಾತ್ರಕ್ಕೆ ಇದೆಲ್ಲ ಸುಲಭವಾಗಿ ಸಿಕ್ಕಿಬಿಡುತ್ತದೆ ಅಂದುಕೊಂಡರೆ 2020ರ ಮೇ ತಿಂಗಳು ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕಟ್ಟಡ ಕಾರ್ಮಿಕರು ಬಿಹಾರ, ಜಾರ್ಖಂಡ್, ಒಡಿಶಾಕ್ಕೆ ವಾಪಸ್ ಹೋಗಲು ಕಾಯುತ್ತಿದ್ದರು. ಮೇ 5ರಂದು ಮುಖ್ಯಮಂತ್ರಿ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದರು. ಮರುದಿನದಿಂದ ರೈಲು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ದೇಶವೆಲ್ಲ ಟೀಕೆ ಬಂದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ಆ ಎರಡು ದಿನ ತುಮಕೂರು ರಸ್ತೆಯಲ್ಲಿ ನೀರಿನ ಬಾಟಲಿ ಹಂಚುತ್ತಿದ್ದವರಲ್ಲಿ ನಾನೂ ಒಬ್ಬ. ಒಬ್ಬ ಹುಡುಗ, ಸಿಮೆಂಟಿಗೆ ಬೆರಳು ಸೀಳಿಹೋಗಿತ್ತು, ಫೋನಿನಲ್ಲಿದ್ದ ಸೇವಾ ಸಿಂಧು ಮೆಸೇಜ್ ತೋರಿಸಿ 'ಹೆಸರು ಬಂದಿದೆ ಸಾರ್, ರೈಲು ಯಾಕಿಲ್ಲ' ಎಂದು ಕೇಳಿದ. ಸ್ವಲ್ಪ ಹೊತ್ತು ಕಾದ, ಆಮೇಲೆ ಬ್ಯಾಗ್ ತಲೆಮೇಲಿಟ್ಟು ನಡೆದೇ ಹೊರಟ. ವ್ಯೂರ್ಟ್ಸ್‌ಬುರ್ಗ್‌ನಿಂದ ನಡೆದವರ ವಿಷಯ ಪಾಠ ಮಾಡುವಾಗಲೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ.

ಕೊನೆಯ ಪ್ರಶ್ನೆ, ಹೋಗಬಹುದಾ? ಶಾಂತಿಯುತ ಧರಣಿಗೆ ನೀವು ಹೋಗಬಹುದು, ಸ್ಟೂಡೆಂಟ್ ವೀಸಾ ಅದಕ್ಕೆ ಅಡ್ಡಿಯಲ್ಲ. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ. ಪೊಲೀಸರು ಜಾಗ ಖಾಲಿ ಮಾಡಿ ಎಂದು ಘೋಷಿಸಿದರೆ ಹೊರಟುಬಿಡಿ, ಕೇಸು ಬಿದ್ದರೆ ಪರ್ಮಿಟ್ ನವೀಕರಣಕ್ಕೆ ತೊಂದರೆ ಆಗಬಹುದು. ಹಳೆ ಬಟ್ಟೆ ಗಂಟು ಕಟ್ಟಿಕೊಂಡು ಹೋಗುವ ಮೊದಲು ಏನು ಬೇಕು ಅಂತ ಕೇಳಿ. ಹೆಚ್ಚಾಗಿ ಬೇಕಿರುವುದು ಕಚೇರಿಯಿಂದ ಬಂದ ಜರ್ಮನ್ ಪತ್ರ ಓದಿ ಹೇಳುವವರು, ವಿಚಾರಣೆಯ ದಿನ ಜೊತೆಗೆ ಬಂದು ಪಕ್ಕದಲ್ಲಿ ಕೂರುವವರು. ನಿಮ್ಮ ಜರ್ಮನ್ ಅಷ್ಟಕ್ಕೆ ಸಾಕು. ಮತ್ತೆ, ಯಾರ ಮುಖದ ಫೋಟೋನೂ ತೆಗೆಯಬೇಡಿ. ಒಂದು ಫೋಟೋ ಅವರ ಊರಿನಲ್ಲಿರುವ ಅಪ್ಪ ಅಮ್ಮನ ಮನೆ ಬಾಗಿಲಿಗೆ ಪೊಲೀಸರನ್ನು ತರಬಹುದು. ಮಾತಿಗೆ ಕೂರುವ ಮೊದಲು ಫೋನನ್ನು ಜೇಬಿಗೆ ಹಾಕಿಕೊಳ್ಳಿ.